ಬಿಗ್‌ಫುಟ್ ಸಂಶೋಧನೆ ಇನ್ನೂ ಪ್ರಕಟವಾಗಿಲ್ಲ: ನಂಬಬೇಕಾ, ಕಾಯಬೇಕಾ?

ಪ್ರಶ್ನೆ: ಮೇಡಂ, ನನಗೆ ಚಿಕ್ಕಂದಿನಿಂದ ಬಿಗ್‌ಫುಟ್ ಹುಚ್ಚು. ಅಮೆರಿಕದ ಕಾಡುಗಳಲ್ಲಿ ಎರಡು ಕಾಲಲ್ಲಿ ನಡೆಯುತ್ತದೆ, ಮೈತುಂಬ ಕೂದಲು ಅಂತ ಹೇಳುವ ಆ ಜೀವಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. "ಡಿಎನ್ಎ ಸಿಕ್ಕಿದೆ, ಸಂಶೋಧನೆ ಸದ್ಯದಲ್ಲೇ ಪ್ರಕಟ" ಅಂತ ಆಗಾಗ ಸುದ್ದಿ ಬರುತ್ತದೆ. ನಾನು ಆಸೆಯಿಂದ ಕಾಯುತ್ತೇನೆ. ನನ್ನ ತಮ್ಮ ಮಾತ್ರ ಏನೂ ಓದದೆ "ಎಲ್ಲ ಬುರುಡೆ" ಅಂತಾನೆ. ಪ್ರಬಂಧವೇ ಹೊರಗೆ ಬರದೆ ಸುಳ್ಳು ಅನ್ನೋದು ಸರೀನಾ? ಕಾಯುವಾಗ ನಾನು ಏನನ್ನು ಗಮನಿಸಬೇಕು?

ಉತ್ತರ: ಕಾಯಿರಿ. ಆದರೆ ಸುಮ್ನೆ ಕೂತು ಕಾಯಬೇಡಿ.

ನಿಮ್ಮ ತಮ್ಮನಿಗೆ ಅನುಮಾನ ಬಂದಿರುವುದು ಸಹಜ. ಆದರೆ ಪ್ರಬಂಧ ಕಣ್ಣಿಗೇ ಬೀಳದೆ ಅದು ನಿಜ ಅನ್ನುವುದು ಎಷ್ಟು ತಪ್ಪೋ, ಸುಳ್ಳು ಅನ್ನುವುದೂ ಅಷ್ಟೇ ತಪ್ಪು. "ಇನ್ನೂ ಗೊತ್ತಿಲ್ಲ" ಅಂತ ಹೇಳಿ ತಾಳ್ಮೆಯಿಂದ ಇರುವುದು ಕಷ್ಟ. ಡಿಎನ್ಎ ಕೆಲಸ ಮಾಡುವ ನನಗೂ ಕಷ್ಟವೇ.

ನೀವು ಹೇಳುವಂಥ ಸುದ್ದಿಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನೇ ನೋಡೋಣ. 2012ರ ನವೆಂಬರ್ 24ರಂದು ಟೆಕ್ಸಾಸ್‌ನಿಂದ ಒಂದು ಪತ್ರಿಕಾ ಪ್ರಕಟಣೆ ಬಂತು. ಮೆಲ್ಬಾ ಕೆಚಮ್ ಎಂಬ ಪಶುವೈದ್ಯೆ, ತಮ್ಮ ತಂಡ ಐದು ವರ್ಷ ಕೆಲಸ ಮಾಡಿ ಬಿಗ್‌ಫುಟ್‌ನ ಡಿಎನ್ಎ ಓದಿದೆ ಎಂದರು. ಅದರ ಮೈಟೊಕಾಂಡ್ರಿಯದ ಡಿಎನ್ಎ, ಅಂದರೆ ತಾಯಿಯಿಂದ ಮಾತ್ರ ಬರುವ ಭಾಗ, ಪೂರ್ತಿ ಮನುಷ್ಯರದ್ದು. ಜೀವಕೋಶದ ಕೇಂದ್ರದಲ್ಲಿರುವ ಡಿಎನ್ಎ ಮಾತ್ರ ಯಾರೂ ಕಾಣದ ಯಾವುದೋ ಜೀವಿಯದ್ದು. ಸುಮಾರು 15,000 ವರ್ಷಗಳ ಹಿಂದೆ ಮನುಷ್ಯರೂ ಆ ಜೀವಿಯೂ ಕೂಡಿ ಬಿಗ್‌ಫುಟ್ ಹುಟ್ಟಿತು ಅನ್ನುವುದು ಅವರ ವಾದ. ಪ್ರಬಂಧ ಆಗ ವಿಮರ್ಶೆಯ ಹಂತದಲ್ಲಿತ್ತು. ಹೇಳಿಕೆ ಇತ್ತು, ತೋರಿಸಲು ಅಕ್ಷರ ಇರಲಿಲ್ಲ.

ಸುಮಾರು ಎರಡೂವರೆ ತಿಂಗಳು ಜನ ಕಾದರು. 2013ರ ಫೆಬ್ರವರಿ 13ರಂದು ಪ್ರಬಂಧ ಬಂತು. ಪ್ರಕಟಿಸಿದ ಜರ್ನಲ್‌ನ ಹೆಸರು ಡಿನೋವೊ. ಅದು ಆ ಜರ್ನಲ್‌ನ ಮೊದಲ ಸಂಚಿಕೆ, ಅದರಲ್ಲಿ ಇದ್ದದ್ದು ಇದೊಂದೇ ಪ್ರಬಂಧ. ಜರ್ನಲ್ ಅನ್ನು ಕೊಂಡಿದ್ದವರು ಕೆಚಮ್ ಅವರೇ. ಓದಬೇಕಾದರೆ 30 ಡಾಲರ್ ಕೊಡಬೇಕಿತ್ತು. ಕಾದವರಿಗೆ ಎಷ್ಟು ಬೇಸರವಾಗಿರಬೇಕು ಅಂತ ಈಗಲೂ ಅನ್ನಿಸುತ್ತದೆ.

ಜರ್ನಲ್ ಯಾರದ್ದೇ ಇರಲಿ, ಒಳಗಿನ ಕೆಲಸ ಗಟ್ಟಿ ಇದ್ದರೆ ಸಾಕಿತ್ತು. ಅದೂ ಇರಲಿಲ್ಲ. ಯಾಕೆ ಅಂತ ತಿಳಿಯಲು ಒಂದು ಕೂದಲಿನ ಕಥೆ ಹೇಳಬೇಕು.

ಕಾಡಿನಲ್ಲಿ ಮುಳ್ಳಿಗೆ ಸಿಕ್ಕಿಕೊಂಡ ಒಂದು ಕೂದಲು ಅಂದುಕೊಳ್ಳಿ. ಮಳೆಯಲ್ಲಿ ನೆಂದಿದೆ, ಬಿಸಿಲಲ್ಲಿ ಒಣಗಿದೆ. ಅದರೊಳಗಿನ ಡಿಎನ್ಎ ಸಣ್ಣ ಸಣ್ಣ ಚೂರಾಗಿ ಹೋಗಿದೆ. ಯಾರೋ ಬರಿಗೈಯಲ್ಲಿ ಅದನ್ನು ಎತ್ತಿಕೊಳ್ಳುತ್ತಾರೆ. ಹತ್ತಿರದಿಂದ ನೋಡುತ್ತಾರೆ, ಉಸಿರು ತಾಗುತ್ತದೆ. ಗೆಳೆಯರಿಗೂ ತೋರಿಸುತ್ತಾರೆ. ಈಗ ಆ ಕೂದಲ ಮೇಲೆ ಮನುಷ್ಯರ ಡಿಎನ್ಎ ಇದೆ. ಅದು ತಾಜಾ, ಉದ್ದ, ಚೆನ್ನಾಗಿದೆ. ಲ್ಯಾಬ್‌ನಲ್ಲಿ ನಾವು ಮಾಡುವುದು ಇರುವ ಡಿಎನ್ಎಯನ್ನು ಲಕ್ಷಾಂತರ ಪಟ್ಟು ಹೆಚ್ಚಿಸುವ ಕೆಲಸ. ಚೂರಾದದ್ದಕ್ಕಿಂತ ಚೆನ್ನಾಗಿರುವುದೇ ಬೇಗ ಹೆಚ್ಚುತ್ತದೆ. ಹಾಗಾಗಿ ಮೈಟೊಕಾಂಡ್ರಿಯ ನೋಡಿದರೆ "ಮನುಷ್ಯ" ಅಂತ ಬರುತ್ತದೆ. ಉಳಿದ ಡಿಎನ್ಎ ಓದಲು ಹೋದರೆ ಕೂದಲಿನ ನಿಜವಾದ ಒಡೆಯನ ಚೂರು, ಮನುಷ್ಯನ ಚೂರು, ಬ್ಯಾಕ್ಟೀರಿಯದ ಚೂರು ಎಲ್ಲ ಕಲಸಿಹೋಗಿರುತ್ತವೆ. ಇವನ್ನು ಒಂದೇ ಜೀವಿಯದ್ದು ಅಂತ ಜೋಡಿಸಿದರೆ ಜಗತ್ತಿನಲ್ಲಿ ಎಲ್ಲೂ ಇಲ್ಲದ ಪ್ರಾಣಿ ಸಿಗುತ್ತದೆ.

ಈಗ ಕೆಚಮ್ ಅವರ ಫಲಿತಾಂಶವನ್ನು ಇನ್ನೊಮ್ಮೆ ಓದಿ. ತಾಯಿ ಕಡೆ ಮನುಷ್ಯ, ಉಳಿದದ್ದು ಗುರುತು ಸಿಗದ್ದು. ಕೊಳೆಯಾದ ಸ್ಯಾಂಪಲ್ ಕೊಡುವ ಉತ್ತರವೂ ಇದೇ ಅಲ್ವಾ? ಅವರು 111 ಸ್ಯಾಂಪಲ್ ನೋಡಿದ್ದರು. ಬೇರೆ ತಜ್ಞರು ಪ್ರಬಂಧ ಓದಿದಾಗ ಮೊದಲು ಕೈ ಇಟ್ಟದ್ದು ಈ ಕಲಬೆರಕೆಯ ಮೇಲೆಯೇ. ಕ್ಯಾಲಿಫೋರ್ನಿಯದ ಬೆಟ್ಟಗಳಿಂದ ಬಂದ ಒಂದು ಮಾಂಸದ ತುಂಡಿನ ಬಗ್ಗೆ ಜಾಸ್ತಿ ಮಾತಾಗಿತ್ತು. ಅದರ ಇನ್ನೊಂದು ಚೂರನ್ನು ಬೇರೆ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿದಾಗ ಕಪ್ಪು ಕರಡಿ ಅಂತ ಬಂತು.

ಅದೇ ಹೊತ್ತಿಗೆ ಜನ ಇನ್ನೊಂದು ಫಲಿತಾಂಶಕ್ಕೂ ಕಾಯುತ್ತಿದ್ದರು. 2012ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡ್‌ನ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್ ಮತ್ತು ಸ್ವಿಟ್ಜರ್ಲೆಂಡ್‌ನ ಲೌಸಾನ್‌ನ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದವರು ಸೇರಿ, ಯೇತಿ (ಹಿಮಾಲಯದ ಹಿಮಮಾನವ), ಬಿಗ್‌ಫುಟ್ ಯಾವುದರದ್ದಾದರೂ ಕೂದಲು ಇದ್ದರೆ ಕಳಿಸಿ ಎಂದು ಎಲ್ಲರನ್ನೂ ಕೇಳಿದ್ದರು. 57 ಸ್ಯಾಂಪಲ್ ಬಂದವು. ಅವರು ಕೂದಲಿನ ಹೊರಮೈಯನ್ನು ಚೆನ್ನಾಗಿ ತೊಳೆದು, ಒಳಗಿನ ಡಿಎನ್ಎ ಮಾತ್ರ ತೆಗೆದರು. ಓದಲು ಸಿಕ್ಕಿದ್ದು 30. ಪ್ರಬಂಧ 2014ರಲ್ಲಿ ಲಂಡನ್‌ನ ರಾಯಲ್ ಸೊಸೈಟಿಯ ಜರ್ನಲ್‌ನಲ್ಲಿ ಬಂತು. ಅಮೆರಿಕದ ಕೂದಲುಗಳು ಕರಡಿ, ಕುದುರೆ, ಹಸು, ರಕೂನ್, ಮುಳ್ಳುಹಂದಿ, ಜಿಂಕೆ ಇಂಥವುಗಳದ್ದಾಗಿದ್ದವು. ಒಂದು ಮನುಷ್ಯನದ್ದು.

ಆ ಪ್ರಬಂಧದಲ್ಲೂ ಒಂದು ತಪ್ಪಿತ್ತು. ಲಡಾಖ್ ಮತ್ತು ಭೂತಾನ್‌ನ ಎರಡು ಕೂದಲು ಹಳೇ ಕಾಲದ ಹಿಮಕರಡಿಗೆ ಹೊಂದುತ್ತವೆ ಎಂದು ಬರೆದಿದ್ದರು. ಓದಿದ ಡಿಎನ್ಎ ಸಾಲುಗಳನ್ನು ಎಲ್ಲರಿಗೂ ಸಿಗುವಂತೆ ಇಟ್ಟಿದ್ದರಿಂದ ಬೇರೆಯವರು ಮತ್ತೆ ಹೋಲಿಸಿ ನೋಡಿದರು. ಕೆಲವೇ ತಿಂಗಳಲ್ಲಿ ಆ ತಪ್ಪು ಸಿಕ್ಕಿತು. ಆ ಕೂದಲುಗಳ ಡಿಎನ್ಎ ಹಿಮಾಲಯದ ಕಂದು ಕರಡಿಯ ಕಡೆಗೇ ಬೊಟ್ಟು ಮಾಡುತ್ತಿತ್ತು. ತಪ್ಪನ್ನು ಲೇಖಕರೂ ಒಪ್ಪಿಕೊಂಡರು. ನಾನು ಈ ಕೆಲಸವನ್ನು ಗೌರವಿಸುವುದು ಇದಕ್ಕೇ. ಪ್ರಕಟಿಸುವುದು ಅಂದರೆ ಬೇರೆಯವರ ಕೈಗೆ ಎಲ್ಲವನ್ನೂ ಕೊಟ್ಟು, ತಪ್ಪಿದ್ದರೆ ಹುಡುಕಿ ಅನ್ನುವುದು.

ಹಾಗಾಗಿ ಮುಂದಿನ ಸಲ "ಸದ್ಯದಲ್ಲೇ ಪ್ರಕಟ" ಅಂತ ಬಂದಾಗ ಮೊದಲು ಸ್ಯಾಂಪಲ್‌ನ ಜಾಡು ಹಿಡಿಯಿರಿ. ಯಾರು ಎತ್ತಿದರು, ಹೇಗೆ ಇಟ್ಟರು, ಮುಟ್ಟಿದವರ ಡಿಎನ್ಎಯನ್ನೂ ಹೋಲಿಸಿ ನೋಡಿದ್ದಾರಾ? ಸಂಬಂಧವೇ ಇಲ್ಲದ ಎರಡನೇ ಲ್ಯಾಬ್‌ಗೂ ಕೊಟ್ಟಿದ್ದಾರಾ? ಕೊನೆಗೆ, ಏನು ಸಿಕ್ಕರೆ ತಮ್ಮ ಊಹೆ ತಪ್ಪು ಅಂತ ಒಪ್ಪುತ್ತಾರೆ ಎಂದು ಮೊದಲೇ ಹೇಳಿದ್ದಾರಾ? ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದ ನೀಲ್ ಗೆಮ್ಮೆಲ್ ಇದನ್ನು ಮಾಡಿದರು. ಅವರು 2018ರಲ್ಲಿ ಸ್ಕಾಟ್ಲೆಂಡ್‌ನ ಲಾಕ್ ನೆಸ್ ಸರೋವರದ ನೀರಿನ ಸುಮಾರು 250 ಸ್ಯಾಂಪಲ್ ತೆಗೆದರು. ಅಲ್ಲಿ ದೊಡ್ಡ ಸರೀಸೃಪ ಇದೆ ಅನ್ನುವುದು ನಿಜವಾದರೆ ನೀರಿನಲ್ಲಿ ಅದರ ಡಿಎನ್ಎ ಸಿಗಬೇಕು, ಇದು ಅವರ ಲೆಕ್ಕ. ಒಂದು ವರ್ಷಕ್ಕಿಂತ ಜಾಸ್ತಿ ಎಲ್ಲರೂ ಕಾದರು. 2019ರ ಸೆಪ್ಟೆಂಬರ್‌ನಲ್ಲಿ ಉತ್ತರ ಬಂತು: ಸರೀಸೃಪ ಇಲ್ಲ, ಆದರೆ ಹಾವುಮೀನಿನ ಡಿಎನ್ಎ ಎಲ್ಲೆಲ್ಲೂ ಇದೆ.

ಪ್ರಶ್ನೆ: ಗೊರಿಲ್ಲಾನೂ ಮೊದಲು ಬರೀ ಕಥೆ ಆಗಿತ್ತಲ್ಲ? ಬಿಗ್‌ಫುಟ್ ಯಾಕೆ ಹಾಗಿರಬಾರದು?

ಉತ್ತರ: ಇರಬಾರದು ಅಂತ ಯಾವ ನಿಯಮವೂ ಇಲ್ಲ. ಗೊರಿಲ್ಲಾ ವಿಜ್ಞಾನದ ಲೆಕ್ಕಕ್ಕೆ ಸೇರಿದ್ದು 1847ರಲ್ಲಿ, ತಲೆಬುರುಡೆ ಮತ್ತು ಎಲುಬು ಕೈಗೆ ಬಂದ ಮೇಲೆ. ನಿಮಗೆ ಇನ್ನೂ ಖುಷಿ ಕೊಡುವ ಉದಾಹರಣೆ ಸೈಬೀರಿಯದ ಡೆನಿಸೋವಾ ಗುಹೆಯದ್ದು. ಅಲ್ಲಿ ಸಿಕ್ಕ ಬೆರಳಿನ ಒಂದು ಪುಟ್ಟ ಎಲುಬಿನ ಡಿಎನ್ಎಯಿಂದ, ಅದುವರೆಗೆ ಯಾರಿಗೂ ಗೊತ್ತಿಲ್ಲದ ಮಾನವ ಗುಂಪೊಂದು 2010ರಲ್ಲಿ ಬೆಳಕಿಗೆ ಬಂತು. ಅದರ ಬಗ್ಗೆ ಒಂದು ದಂತಕಥೆಯೂ ಇರಲಿಲ್ಲ. ಎಲುಬು ಇತ್ತು, ಮಾಹಿತಿ ಎಲ್ಲರ ಮುಂದಿತ್ತು, ಜಗತ್ತು ಒಪ್ಪಿತು. ಬಿಗ್‌ಫುಟ್‌ಗೂ ಆ ಬಾಗಿಲು ತೆರೆದೇ ಇದೆ.

ಪ್ರಶ್ನೆ: ವಿಜ್ಞಾನಿಗಳು ಬೇಕಂತಲೇ ಇಂಥದ್ದನ್ನು ನೋಡುವುದಿಲ್ಲ ಅಂತಾರಲ್ಲ?

ಉತ್ತರ: ನೋಡಿದ್ದಾರೆ. ಸೈಕ್ಸ್ ಅವರ ಪ್ರಬಂಧವೇ ಸಾಕ್ಷಿ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕೂಡ 1970ರ ದಶಕದಲ್ಲಿ ಬಿಗ್‌ಫುಟ್ ಹುಡುಕುವವರು ಕಳಿಸಿದ ಕೂದಲನ್ನು ಪರೀಕ್ಷಿಸಿತ್ತು. ಜಿಂಕೆ ಜಾತಿಯದ್ದು ಅಂತ ಉತ್ತರ ಬಂತು.

ಪ್ರಶ್ನೆ: ನನ್ನ ಮಗಳು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿದ್ದಾಳೆ. ವಾರಾಂತ್ಯ ಕಾಡಿಗೆ ನಡೆಯಲು ಹೋಗುತ್ತಾಳೆ. ಅಕಸ್ಮಾತ್ ವಿಚಿತ್ರ ಕೂದಲು ಸಿಕ್ಕರೆ ಏನು ಮಾಡಬೇಕು?

ಉತ್ತರ: ಮೊದಲು ಮುಟ್ಟದೆ, ಇದ್ದಲ್ಲೇ ಫೋಟೋ ತೆಗೆಯಲಿ. ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ ಇಡಲಿ. ಹೊಸ ಕೈಗವಸು, ಮಾಸ್ಕ್ ಹಾಕಿಕೊಂಡು, ಶುಚಿಯಾದ ಚಿಮಟದಿಂದ ಎತ್ತಲಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ತೇವ ನಿಂತು ಡಿಎನ್ಎ ಹಾಳಾಗುತ್ತದೆ. ಒಣ ಕಾಗದದ ಲಕೋಟೆ ಒಳ್ಳೆಯದು. ಜಾಗ, ದಿನ, ಹೊತ್ತು ಅದರ ಮೇಲೆ ಬರೆಯಲಿ. ಕೂದಲಿನ ಬುಡ ಉಳಿದಿದ್ದರೆ ಅದನ್ನು ಮುರಿಯದಂತೆ ನೋಡಿಕೊಳ್ಳಲಿ, ಡಿಎನ್ಎ ಜಾಸ್ತಿ ಇರುವುದು ಅಲ್ಲೇ. ಲ್ಯಾಬ್‌ಗೆ ಕೊಡುವಾಗ ತನ್ನ ಕೆನ್ನೆಯ ಒಳಭಾಗದ ಸ್ಯಾಂಪಲ್ ಅನ್ನೂ ಜೊತೆಗೆ ಕೊಡಲಿ. ಫಲಿತಾಂಶದಲ್ಲಿ ಮನುಷ್ಯರ ಡಿಎನ್ಎ ಕಂಡರೆ, ಅದು ಅವಳದ್ದೇ ಇರಬಹುದಾ ಅಂತ ಮೊದಲು ನೋಡಬೇಕಲ್ಲ.