ತೀರ್ಥಹಳ್ಳಿಯಿಂದ ಕೇಳಿದವರಿಗೆ: ಆ ದೂರಶಿಕ್ಷಣ ಕೋರ್ಸ್ ನಂಬಬಹುದಾ?

ನಮಸ್ಕಾರ. ತೋಟದ ಕೆಲಸ ಬಿಡದೆ ಮನೆಯಲ್ಲೇ ಬೈಬಲ್ ಅಧ್ಯಯನದ ಡಿಪ್ಲೊಮಾ ಮಾಡಬೇಕು, ಜಾಹೀರಾತಿನಲ್ಲಿ 'ಅಂತರರಾಷ್ಟ್ರೀಯ ಮಾನ್ಯತೆ' ಅಂತಿದೆ, ನಂಬಬಹುದಾ ಎಂದು ಕೇಳಿದ್ದೀರಿ. ಸುಮ್ನೆ ನಂಬಬೇಡಿ. ಮಾನ್ಯತೆ ಕೊಟ್ಟವರು ಯಾರು ಅಂತ ಹೆಸರು ಕೇಳಿ. ಕ್ರೈಸ್ತ ಧರ್ಮಶಾಸ್ತ್ರದ ಕೋರ್ಸುಗಳಿಗೆ ಮಾನ್ಯತೆ ಕೊಡುವವರಲ್ಲಿ ನಮ್ಮ ದೇಶದಲ್ಲಿ ಜಾಸ್ತಿ ಕೇಳಿಬರುವುದು ಎರಡು ಹೆಸರು: ಪಶ್ಚಿಮ ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್ (1918ರ ಕಾಯ್ದೆಯಿಂದ ಬಂದದ್ದು, ಪದವಿಯನ್ನೂ ಅದೇ ಕೊಡುತ್ತದೆ) ಮತ್ತು ಏಷ್ಯಾ ಥಿಯೊಲಾಜಿಕಲ್ ಅಸೋಸಿಯೇಷನ್. ಸಂಸ್ಥೆಯವರು ಕಳಿಸಿದ ಪಿಡಿಎಫ್ ಪಕ್ಕಕ್ಕಿಟ್ಟು, ಮಾನ್ಯತೆ ಕೊಡುವವರ ಪಟ್ಟಿಯಲ್ಲೇ ಹುಡುಕಿ. ಕೋರ್ಸ್ ಹೆಸರೂ ನೋಡಿ. ಕಾಲೇಜಿನ ಬಿ.ಡಿ.ಗೆ (ಬ್ಯಾಚುಲರ್ ಆಫ್ ಡಿವಿನಿಟಿ, ಧರ್ಮಶಾಸ್ತ್ರದ ಪದವಿ) ಮಾನ್ಯತೆ ಇದ್ದರೆ ಅಂಚೆ ಡಿಪ್ಲೊಮಾಗೂ ಇದೆ ಅಂತೇನಿಲ್ಲ. ಸರ್ಕಾರಿ ಕೆಲಸಕ್ಕೆ ಆಗುತ್ತಾ ಅನ್ನುವುದು ಬೇರೆ ಲೆಕ್ಕ, ಅದಕ್ಕೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಟ್ಟಿ ನೋಡಬೇಕು.

ನನ್ನ ಕೇಳಿದರೆ, ಉತ್ತರ ತಿದ್ದುವವರು ಯಾರು ಅನ್ನುವುದು ಇನ್ನೂ ಮುಖ್ಯ. ಆರು ಪುಟ ಬರೆದು ಕಳಿಸಿದ್ದಕ್ಕೆ ಕೊನೆಯಲ್ಲಿ ಒಂದು 'ಗುಡ್' ಮಾತ್ರ ಬಂದರೆ ದುಡ್ಡು ದಂಡ. ತಿದ್ದಿದ ಒಂದು ಹಳೆಯ ಉತ್ತರಪತ್ರಿಕೆ ತೋರಿಸಿ ಎನ್ನಿ. ಒಳ್ಳೆಯವರು ತೋರಿಸುತ್ತಾರೆ.

ಒಬ್ಬರೇ ಓದುವುದು ಬೇಗ ಬೇಜಾರಾಗುತ್ತದೆ, ಅಲ್ವಾ? 1963ರಲ್ಲಿ ಗ್ವಾಟೆಮಾಲಾದಲ್ಲಿ ಶುರುವಾದ, ಧರ್ಮಶಾಸ್ತ್ರ ಕಲಿಸುವ ವಿಸ್ತರಣಾ ಪದ್ಧತಿ ಊರು, ಹೊಲ ಬಿಟ್ಟು ಸೆಮಿನರಿಗೆ (ಪಾದ್ರಿಗಳ ತರಬೇತಿ ಕಾಲೇಜಿಗೆ) ಬರಲಾಗದವರಿಗಾಗಿಯೇ ಹುಟ್ಟಿದ್ದು. ಮನೆಯಲ್ಲಿ ಓದು, ಆಮೇಲೆ ಗುಂಪಿನಲ್ಲಿ ಚರ್ಚೆ. ಬೆಂಗಳೂರಿನ ಟಾಫ್ಟಿ ಎಂಬ ಧರ್ಮಶಾಸ್ತ್ರ ದೂರಶಿಕ್ಷಣ ಸಂಸ್ಥೆಯದೂ ಇದೇ ದಾರಿ. ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಗುಂಪು ಇದೆಯಾ ವಿಚಾರಿಸಿ.

ಇನ್ನೊಂದು. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದಿದ್ದರೆ, ಇಲ್ಲಾ ಅಡಿಕೆ ಕೊನೆ ಕೊಯ್ಲು ನಡೆಯುತ್ತಿದ್ದರೆ, ಅಸೈನ್‌ಮೆಂಟ್ ಗಡುವು ಮುಂದಕ್ಕೆ ಹಾಕುತ್ತಾರಾ? ಕನ್ನಡದಲ್ಲಿ ಬರೆಯಬಹುದಾ? ಇವಕ್ಕೆ ಬರಹದಲ್ಲಿ ಉತ್ತರ ಬಂದ ಮೇಲೆಯೇ ಫೀಸು ಕಟ್ಟಿ.