ನಕ್ಷೆಯೇ ಇಲ್ಲದ ಜಾಗಕ್ಕೆ ಸರ್ಕಾರ ಜನರನ್ನು ಕಳಿಸಿದ್ದು ಯಾಕೆ?

ಯಾರೂ ನಕ್ಷೆ ಬರೆಯದ ಜಾಗಗಳಿಗೆ ಸರ್ಕಾರಗಳು ಖರ್ಚು ಮಾಡಿ ಜನರನ್ನು ಕಳಿಸಿದ್ದು ನಿಜವಾಗಿಯೂ ಜ್ಞಾನಕ್ಕಾಗಿಯಾ ಅಂತ ಕೇಳಿದ್ದೀರಿ.

ನಾನು ಬಹಳ ವರ್ಷ ಸರ್ವೆ ಕೆಲಸ ಮಾಡಿದವನು. ಹೊಲದಲ್ಲಿ ಸರಪಳಿ ಬಿಚ್ಚಿದರೆ ಸಾಕು, ಊರಿನವರು ಬಂದು ಕೇಳುತ್ತಿದ್ದರು: "ಯಾಕೆ ಸ್ವಾಮಿ, ರಸ್ತೆ ಬರುತ್ತಾ?" ಸರ್ಕಾರ ಸುಮ್ನೆ ಅಳೆಯುವುದಿಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ನನ್ನ ಉತ್ತರವೂ ಅದೇ. ಹೋದವನಿಗೆ ಏನನ್ನು ನೋಡಿಕೊಂಡು ಬಾ ಅಂದಿದ್ದರು ಅಂತ ನೋಡಿ, ಕಳಿಸಿದ್ದು ಯಾಕೆ ಅಂತ ತಿಳಿಯುತ್ತದೆ.

ನಮ್ಮಲ್ಲೇ 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರನ್ನು ಮೈಸೂರು ಸೀಮೆಗೆ ಕಳಿಸಿದರು. ಬೇಸಾಯ, ದನಕರು, ಹತ್ತಿ, ಮೆಣಸು, ಗಂಧ, ಏಲಕ್ಕಿ ಎಲ್ಲವನ್ನೂ ವಿಚಾರಿಸಿ ಬರೆಯಬೇಕಿತ್ತು. ಅದೇ ಹೊತ್ತಿಗೆ ಕಾಲಿನ್ ಮೆಕೆಂಜಿ ಎಂಬ ಸೇನಾಧಿಕಾರಿ ಇಲ್ಲಿನ ನಕ್ಷೆಯ ಕೆಲಸ ಶುರು ಮಾಡಿದರು. ಗೆದ್ದ ನೆಲದಲ್ಲಿ ಏನಿದೆ, ಎಷ್ಟು ಹುಟ್ಟುತ್ತದೆ ಅಂತ ತಿಳಿಯಬೇಕಿತ್ತು.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ನೈನ್ ಸಿಂಗ್ ರಾವತ್. ಕುಮಾವೂಂ ಬೆಟ್ಟಗಳ ಮಿಲಂ ಊರಿನವರು, ಶಾಲೆಯ ಮೇಷ್ಟ್ರು. ಆಗ ಟಿಬೆಟ್ಟಿಗೆ ಬ್ರಿಟಿಷರು ಕಾಲಿಡುವ ಹಾಗಿರಲಿಲ್ಲ. ಉತ್ತರದಿಂದ ರಷ್ಯಾ ಮುಂದೆ ಬರುತ್ತಿದೆ ಎಂಬ ಭಯ ಬೇರೆ. ಅದಕ್ಕೇ ಬ್ರಿಟಿಷರ ಸರ್ವೆ ಇಲಾಖೆಯ ಕ್ಯಾಪ್ಟನ್ ಮಾಂಟ್ಗೊಮೆರಿ ಬೆಟ್ಟದವರನ್ನೇ ಆರಿಸಿ ತರಬೇತಿ ಕೊಡಿಸಿದರು. ನೈನ್ ಸಿಂಗ್ ಪ್ರತಿ ಹೆಜ್ಜೆಯನ್ನೂ ಒಂದೇ ಅಳತೆಗೆ ಇಡುವುದನ್ನು ಕಲಿತರು. ಜಪಮಾಲೆಯಲ್ಲಿ 108ರ ಬದಲು 100 ಮಣಿ. ನೂರು ಹೆಜ್ಜೆಗೆ ಒಂದು ಮಣಿ ಸರಿಸುವುದು. ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಬದಲು ಲೆಕ್ಕದ ಚೀಟಿ. 1865ರಲ್ಲಿ ವ್ಯಾಪಾರಿಯ ವೇಷದಲ್ಲಿ ಹೊರಟು 1866ರ ಜನವರಿಯಲ್ಲಿ ಲಾಸಾ ಮುಟ್ಟಿದರು. ಎತ್ತರ ಹೆಚ್ಚಿದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ; ಕುದಿಯುವ ನೀರಿನ ಬಿಸಿ ನೋಡಿ ಲಾಸಾ ಎಷ್ಟು ಎತ್ತರದಲ್ಲಿದೆ ಅಂತ ಲೆಕ್ಕ ಹಾಕಿದರು. ಸರಪಳಿ ಹಿಡಿದು ಒಂದು ಮೈಲಿ ತಪ್ಪಿಲ್ಲದೆ ಅಳೆಯುವುದೇ ಎಷ್ಟು ಕಷ್ಟ ಅಂತ ನಾನು ಬಲ್ಲೆ. ಅವರು ಸುಮಾರು 1200 ಮೈಲಿಯನ್ನು ಕಾಲಿನಲ್ಲೇ ಅಳೆದರು. ಸಿಕ್ಕಿಬಿದ್ದಿದ್ದರೆ ಜೀವ ಉಳಿಯುತ್ತಿರಲಿಲ್ಲ.

ಇನ್ನೊಂದು ವಿಷಯ. ವರದಿ ಅಚ್ಚಾದಾಗ ಅದರಲ್ಲಿ ಅವರ ಹೆಸರಿರಲಿಲ್ಲ, ಬರೀ 'ಪಂಡಿತ' ಅಂತಿತ್ತು. ಬರೀ ಜ್ಞಾನಕ್ಕಾಗಿ ಹೋದವರ ಹೆಸರನ್ನು ಯಾರಾದರೂ ಮುಚ್ಚಿಡುತ್ತಾರಾ? 1867ರಲ್ಲಿ ಮತ್ತೆ ಕಳಿಸಿದಾಗ ಅವರು ಹೋಗಿದ್ದು ಥೋಕ್ ಜಾಲುಂಗ್ ಚಿನ್ನದ ಗಣಿಯ ಕಡೆಗೆ. ಇನ್ನು, ಯಾರೂ ಕಾಣದ ನಾಡು ಅನ್ನುವುದೂ ಸರಿಯಲ್ಲ. ಮಿಲಂ ಜನ ತಲೆಮಾರುಗಳಿಂದ ಟಿಬೆಟ್ಟಿಗೆ ವ್ಯಾಪಾರಕ್ಕೆ ಹೋಗಿ ಬರುತ್ತಿದ್ದರು. ದಾರಿ ಇತ್ತು, ಬ್ರಿಟಿಷರ ಕೈಯಲ್ಲಿ ನಕ್ಷೆ ಇರಲಿಲ್ಲ, ಅಷ್ಟೆ.

ಹಾಗಂತ ಕುತೂಹಲ ಇರಲೇ ಇಲ್ಲ ಅಂತ ನಾನು ಹೇಳುವುದಿಲ್ಲ. ಟಿಬೆಟ್ಟಿನ ಸಾಂಗ್ಪೋ ನದಿಯೇ ಅಸ್ಸಾಮಿನ ಬ್ರಹ್ಮಪುತ್ರವಾ ಎಂಬ ಪ್ರಶ್ನೆ ಬಹಳ ಕಾಲ ಕಾಡಿತ್ತು. 1880ರಲ್ಲಿ ಇದನ್ನು ತಿಳಿಯಲು ಹೋದವರಲ್ಲಿ ಸಿಕ್ಕಿಂನ ಕಿಂಥುಪ್ ಒಬ್ಬರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಜೊತೆಗಿದ್ದ ಲಾಮಾ ಕಿಂಥುಪ್ ಅವರನ್ನೇ ಗುಲಾಮರಾಗಿ ಮಾರಿಬಿಟ್ಟ. ತಪ್ಪಿಸಿಕೊಂಡರೂ ಅವರು ಮನೆ ಕಡೆ ತಿರುಗಲಿಲ್ಲ. ಗುರುತು ಹಾಕಿದ 500 ಮರದ ತುಂಡುಗಳನ್ನು ದಿನಕ್ಕೆ 50ರಂತೆ ಸಾಂಗ್ಪೋ ನದಿಗೆ ಬಿಟ್ಟರು. ಅವು ಅಸ್ಸಾಮಿಗೆ ತೇಲಿ ಬಂದರೆ ಎರಡೂ ಒಂದೇ ನದಿ ಅಂತ ಗೊತ್ತಾಗುತ್ತಿತ್ತು. ಕೆಳಗೆ ಅಸ್ಸಾಮಿನಲ್ಲಿ ಅವುಗಳಿಗಾಗಿ ಯಾರೂ ಕಾದಿರಲಿಲ್ಲ. ತುಂಡುಗಳನ್ನು ಯಾವಾಗ ಬಿಡುತ್ತೇನೆ ಅಂತ ಕಿಂಥುಪ್ ಬರೆಸಿ ಕಳಿಸಿದ ಕಾಗದ ಅವರನ್ನು ಕಳಿಸಿದ್ದ ಅಧಿಕಾರಿಯ ಕೈ ಸೇರಿರಲಿಲ್ಲ. 1884ರಲ್ಲಿ ಮರಳಿ ಬಂದು ನದಿಯ ಬಗ್ಗೆ ಹೇಳಿದ್ದನ್ನು ಹಲವರು ನಂಬಲಿಲ್ಲ. 1913ರಲ್ಲಿ ಬೈಲಿ ಮತ್ತು ಮೋರ್ಸ್‌ಹೆಡ್ ಎಂಬ ಅಧಿಕಾರಿಗಳು ಆ ಕಣಿವೆಗೆ ಹೋಗಿ ನೋಡಿದ ಮೇಲೆ, ಕಿಂಥುಪ್ ಹೇಳಿದ್ದು ಬಹುಪಾಲು ಸರಿ ಅಂತ ಒಪ್ಪಿದರು. ಅಷ್ಟು ಹೊತ್ತಿಗೆ ಕಿಂಥುಪ್ ಡಾರ್ಜಿಲಿಂಗ್‌ನಲ್ಲಿ ಬಟ್ಟೆ ಹೊಲಿದುಕೊಂಡು ಬದುಕುತ್ತಿದ್ದರು.