ಹಳೇ ಇಟ್ಟಿಗೆ ಮನೆಯ ಮುಖ: ಅಂದಕ್ಕೆ ಮೊದಲು ನೀರಿನ ಲೆಕ್ಕ

ಪ್ರಶ್ನೆ: ನಮ್ಮದು ಚಿಕ್ಕಮಗಳೂರಿನಲ್ಲಿ ಅಜ್ಜ 1950ರ ಸುಮಾರಿಗೆ ಕಟ್ಟಿಸಿದ ಹಂಚಿನ ಮನೆ. ಪಶ್ಚಿಮಕ್ಕೆ ಮುಖ. ಮುಂದಿನ ಗೋಡೆಗೆ ಗಿಲಾವು ಇಲ್ಲ, ಇಟ್ಟಿಗೆ ಹಾಗೇ ಕಾಣುತ್ತದೆ. ಹತ್ತು ವರ್ಷದ ಹಿಂದೆ ಸಂದುಗಳಿಗೆ ಸಿಮೆಂಟ್ ತುಂಬಿಸಿದೆವು. ಈಗ ಕೆಳಗಿನ ಮೂರು ಅಡಿಯಲ್ಲಿ ಇಟ್ಟಿಗೆ ಪುಡಿ ಉದುರುತ್ತಿದೆ. ಬರುವ ಮೇ ತಿಂಗಳಲ್ಲಿ ಮಗಳ ಮದುವೆ. ಪೂರ್ತಿ ಪ್ಲಾಸ್ಟರ್ ಮಾಡಿ, ಮೇಲೆ ಕಲ್ಲಿನ ಕ್ಲಾಡಿಂಗ್ ಹಾಕಿದರೆ ಹೊಸ ಮನೆ ಥರ ಕಾಣುತ್ತೆ ಅಂತ ಕಂಟ್ರ್ಯಾಕ್ಟರ್ ಹೇಳುತ್ತಾರೆ. ಅಮ್ಮ ಒಪ್ಪುತ್ತಿಲ್ಲ, ಇಟ್ಟಿಗೆ ಮುಚ್ಚಬೇಡಿ ಅನ್ನುತ್ತಾರೆ. ಏನು ಮಾಡೋಣ?

ಉತ್ತರ: ನಿಮ್ಮ ಅಮ್ಮ ಹೇಳಿದ್ದೇ ಸರಿ. ದಯವಿಟ್ಟು ಮುಚ್ಚಬೇಡಿ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಸಿಮೆಂಟ್ ತುಂಬದೇ ಉಳಿದ ಒಂದು ಹಳೇ ಸಂದು ಹುಡುಕಿ. ಕಿಟಕಿ ಪಕ್ಕದಲ್ಲೋ ಸೂರಿನ ಕೆಳಗೋ ಒಂದಾದರೂ ಸಿಗುತ್ತದೆ. ಬೀಗದ ಕೈಯಿಂದ ಕೆರೆಯಿರಿ. ಬಿಳಿಚಿದ ಮೆತ್ತನೆ ಪುಡಿ ಬಂದರೆ ಅದು ಸುಣ್ಣದ ಗಾರೆ. ಆ ಕಾಲದ ಮನೆ ಅಂದರೆ ಹೆಚ್ಚುಕಮ್ಮಿ ಅದೇ ಇರುತ್ತದೆ. 1982ರಲ್ಲಿ ಸ್ವಲ್ಪ ಸಡಿಲವಾಗುವ ತನಕ ಸಿಮೆಂಟ್ ಪೂರ್ತಿ ಸರ್ಕಾರದ ಹಿಡಿತದಲ್ಲಿತ್ತು. ಪರ್ಮಿಟ್ ಹಿಡಿದು ಮೂಟೆಗೆ ಕಾದದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು.

ಈ ಸುಣ್ಣದ ಗಾರೆ ಇಟ್ಟಿಗೆಗಿಂತ ಮೆತ್ತಗೆ. ಮಳೆಗಾಲದಲ್ಲಿ ಗೋಡೆ ಕುಡಿದ ನೀರೆಲ್ಲ ಬೇಸಿಗೆಯಲ್ಲಿ ಸಂದುಗಳ ಮೂಲಕ ನಿಧಾನವಾಗಿ ಆರಿಹೋಗುತ್ತದೆ. ನೀವು ಸಂದಿಗೆ ಸಿಮೆಂಟ್ ತುಂಬಿದಿರಿ. ದಾರಿ ಮುಚ್ಚಿತು. ಈಗ ನೀರು ಇಟ್ಟಿಗೆಯ ಮೈಯಿಂದಲೇ ಹೊರಗೆ ಬರಬೇಕು. ಬರುವಾಗ ಉಪ್ಪನ್ನೂ ತರುತ್ತದೆ. ಆ ಉಪ್ಪು ಇಟ್ಟಿಗೆಯ ಮೇಲ್ಪದರದ ಒಳಗೇ ಹರಳುಗಟ್ಟಿ, ಪದರವನ್ನು ಒಡೆದು ತಳ್ಳುತ್ತದೆ. ಹತ್ತಿರ ಹೋಗಿ ನೋಡಿ. ಇಟ್ಟಿಗೆ ಒಂದು ಗುಳಿಯ ಹಾಗೆ ಒಳಗೆ ಹೋಗಿರುತ್ತದೆ. ಸುತ್ತ ಸಿಮೆಂಟ್ ಗೆರೆ ಮಾತ್ರ ಚೌಕಟ್ಟಿನ ಹಾಗೆ ಗಟ್ಟಿಯಾಗಿ ನಿಂತಿರುತ್ತದೆ. ಗುಳಿಯಲ್ಲಿ ಬೆರಳು ಆಡಿಸಿದರೆ ಕೆಂಪು ಪುಡಿ ಅಂಟಿಕೊಳ್ಳುತ್ತದೆ. ಇಂಥ ಗೋಡೆ ಮುಂದೆ ನಿಂತಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಎಪ್ಪತ್ತು ಮಳೆಗಾಲ ತಡೆದ ಇಟ್ಟಿಗೆ, ರಿಪೇರಿಯಿಂದಲೇ ಹಾಳಾಗುತ್ತಿದೆ ಅಲ್ವಾ?

ಇದರ ಮೇಲೆ ಪ್ಲಾಸ್ಟರ್, ಕ್ಲಾಡಿಂಗ್ ಹಾಕಿದರೆ ಉಳಿದ ದಾರಿಯೂ ಮುಚ್ಚುತ್ತದೆ. ಮದುವೆ ಫೋಟೋದಲ್ಲಿ ಚೆನ್ನಾಗಿಯೇ ಬರುತ್ತದೆ. ಎರಡು ಮೂರು ಮಳೆಗಾಲ ಕಳೆದ ಮೇಲೆ ಒಳಗಿನ ಕೋಣೆಯ ಗೋಡೆ ತೇವವಾಗುತ್ತದೆ, ಹೊರಗೆ ಕಲ್ಲಿನ ತುಂಡು ಸಡಿಲವಾಗುತ್ತದೆ. ಹಾಸನದಲ್ಲಿ ಇಂಥದೇ ಒಂದು ಮನೆಯ ಕ್ಲಾಡಿಂಗ್ ತೆಗೆಸುವಾಗ ನಾನು ನಿಂತಿದ್ದೆ. ಕಲ್ಲಿನ ಜೊತೆ ಇಟ್ಟಿಗೆಯ ಮುಖವೂ ಕಿತ್ತುಬಂತು. ಆ ಮನೆಗೆ ಮೊದಲಿನ ಚೆಹರೆ ಮತ್ತೆ ಕೊಡಲು ಆಗಲಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ನೀರಿನಿಂದ. ಮುಂಗಾರು ಗಾಳಿ ನಮ್ಮಲ್ಲಿ ಪಶ್ಚಿಮ, ನೈಋತ್ಯದ ಕಡೆಯಿಂದ ಬೀಸುತ್ತದೆ. ಎರಚಲೆಲ್ಲ ನಿಮ್ಮ ಮುಂದಿನ ಗೋಡೆಗೇ ಹೊಡೆಯುತ್ತದೆ. ಹಿಂದೆ ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಇದಕ್ಕೇ. ಹಂಚಿನ ಸಾಲು ಗೋಡೆಯಿಂದ ಎಷ್ಟು ಮುಂದೆ ಚಾಚಿದೆ ಅಂತ ಅಳೆಯಿರಿ. ಎರಡು ಅಡಿಗಿಂತ ಕಡಿಮೆ ಇದ್ದರೆ ಪಕಾಸಿಗಳಿಗೆ, ಅಂದರೆ ಮಾಡಿನ ಇಳಿಜಾರಿನ ಮರಗಳಿಗೆ, ತುಂಡು ಜೋಡಿಸಿ ಒಂದು ಸಾಲು ಹಂಚು ಜಾಸ್ತಿ ಹಾಕಿಸಿ. ಸೂರಿಗೆ ತಗಡಿನ ದೋಣಿ ಕಟ್ಟಿಸಿ, ನೀರನ್ನು ಪೈಪಿನಲ್ಲಿ ಗೋಡೆಯಿಂದ ದೂರ ಬಿಡಿ.

ಆಮೇಲೆ ಅಂಗಳ ನೋಡಿ. ಸಾಮಾನ್ಯವಾಗಿ ವರ್ಷ ವರ್ಷ ಮಣ್ಣು, ಕಾಂಕ್ರೀಟ್, ಅದರ ಮೇಲೆ ಇಂಟರ್‌ಲಾಕ್ ಅಂತ ಏರಿಸುತ್ತಾ ಹೋಗಿರುತ್ತಾರೆ. ಅಂಗಳದ ಮಟ್ಟ ಮನೆಯ ನೆಲಕ್ಕಿಂತ ಕನಿಷ್ಠ ಆರು ಇಂಚು ಕೆಳಗಿರಲೇಬೇಕು. ಗೋಡೆ ಬುಡದಲ್ಲಿ ಒಂದೂವರೆ ಅಡಿ ಅಗಲಕ್ಕೆ ಕಾಂಕ್ರೀಟ್ ಒಡೆಸಿ ಜಲ್ಲಿ ತುಂಬಿಸಿ. ಗಟ್ಟಿ ನೆಲಕ್ಕೆ ಬಿದ್ದ ಹನಿ ಗೋಡೆಗೆ ಚಿಮ್ಮುತ್ತದೆ. ಜಲ್ಲಿಗೆ ಬಿದ್ದದ್ದು ಅಷ್ಟು ಚಿಮ್ಮುವುದಿಲ್ಲ. ಕೆಳಗಿನ ಮೂರು ಅಡಿಯೇ ಹಾಳಾಗಿದೆ ಅಂದರೆ ನನ್ನ ಅನುಮಾನ ಹೆಚ್ಚು ಇದರ ಮೇಲೆಯೇ.

ಇನ್ನು ಸಂದುಗಳು. ಇದಕ್ಕೆ ಒಳ್ಳೇ ಮೇಸ್ತ್ರಿ ಬೇಕು, ಅವಸರ ಬೇಡ. ಗ್ರೈಂಡರ್ ಮುಟ್ಟಬೇಡಿ, ಒಂದು ಕ್ಷಣ ಕೈ ಜಾರಿದರೆ ಇಟ್ಟಿಗೆಯ ಅಂಚು ಹೋಗುತ್ತದೆ. ಸಣ್ಣ ಉಳಿ, ಸುತ್ತಿಗೆ ಸಾಕು. ಸಿಮೆಂಟನ್ನು ಒಂದು ಇಂಚು ಆಳದ ತನಕ ಬಿಡಿಸಿ. ಇಟ್ಟಿಗೆಗೆ ಗಟ್ಟಿಯಾಗಿ ಕಚ್ಚಿಕೊಂಡ ಕಡೆ ಬಲವಂತ ಮಾಡದೆ ಹಾಗೇ ಬಿಡಿ. ಮುಖ ತುಂಬ ಹಾಳಾದ ಇಟ್ಟಿಗೆಯನ್ನು ಬಿಸಾಡುವ ಮೊದಲು ಹುಷಾರಾಗಿ ಹೊರಗೆ ತೆಗೆದು ತಿರುಗಿಸಿ ನೋಡಿ. ಎಷ್ಟೋ ಸಲ ಹಿಂದಿನ ಮುಖ ಹೊಸದರ ಹಾಗೇ ಇರುತ್ತದೆ. ಅದನ್ನೇ ತಿರುಗಿಸಿ ಕೂರಿಸಬಹುದು. ಕಡಿಮೆ ಬಿದ್ದರೆ ನಿಮ್ಮದೇ ಹಿತ್ತಲಿನ ಹಳೇ ಗೋಡೆಯಿಂದ ತೆಗೆಯಿರಿ. ಈಗಿನ ಇಟ್ಟಿಗೆಯ ಅಳತೆಯೂ ಬಣ್ಣವೂ ಇದಕ್ಕೆ ಹೊಂದುವುದಿಲ್ಲ.

ತುಂಬಲು ಒಂದು ಪಾಲು ನೆನೆಸಿದ ಸುಣ್ಣ, ಮೂರು ಪಾಲು ಜರಡಿ ಹಿಡಿದ ಮರಳು. ಮರಳಿನಲ್ಲಿ ಸ್ವಲ್ಪ ಭಾಗದ ಬದಲು ಇಟ್ಟಿಗೆ ಪುಡಿ ಸೇರಿಸಿದರೆ ತೇವದಲ್ಲೂ ಗಾರೆ ಗಟ್ಟಿಯಾಗುತ್ತದೆ, ಬಣ್ಣವೂ ಗೋಡೆಗೆ ಹೊಂದುತ್ತದೆ. ಹಳಬರು ಬೆಲ್ಲ, ಅಳಲೆಕಾಯಿ ನೆನೆಸಿದ ನೀರಿನಲ್ಲಿ ಕಲಸುತ್ತಿದ್ದರು. ಗೊತ್ತಿರುವ ಮೇಸ್ತ್ರಿ ಸಿಕ್ಕರೆ ಮಾಡಿಸಿ. ಸುಟ್ಟ ಸುಣ್ಣ ತಂದು ಮನೆಯಲ್ಲೇ ನೆನೆಸುವುದಾದರೆ ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಸುಣ್ಣದ ಮೇಲೆ ನೀರು ಸುರಿಯಬೇಡಿ, ಕುದಿದು ಹಾರುತ್ತದೆ. ಕಣ್ಣಿಗೆ ಕನ್ನಡಕ ಇರಲೇಬೇಕು, ಮಕ್ಕಳು ಹತ್ತಿರ ಬರಬಾರದು.

ಹಿಂದಿನ ದಿನ ಗೋಡೆಗೆ ನೀರು ಹೊಡೆಯಿರಿ. ಗಾರೆಯನ್ನು ಒತ್ತಿ ತುಂಬಿ, ಇಟ್ಟಿಗೆಯ ಮೈಗಿಂತ ಒಂದು ಕೂದಲೆಳೆ ಒಳಗೇ ನಿಲ್ಲಿಸಿ. ಮೇಲೆ ಒದ್ದೆ ಗೋಣಿಚೀಲ ಇಳಿಬಿಟ್ಟು ಒಂದು ವಾರ ತಂಪಾಗಿಡಿ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಕಲ್ಲಾಗುತ್ತದೆ. ಬಿಸಿಲಿಗೆ ಬೇಗ ಒಣಗಿದರೆ ಸುಮ್ನೆ ಪುಡಿಯಾಗುತ್ತದೆ. ಆದ್ದರಿಂದ ದೀಪಾವಳಿ ಕಳೆದ ಕೂಡಲೇ ಶುರು ಮಾಡಿ, ಬೇಸಿಗೆ ಶುರುವಿನಲ್ಲಿ ಬರುವ ಕಾಫಿ ಹೂಮಳೆಗೆ ಮುಂಚೆ ಮುಗಿಸಿ. ಮೇ ಮದುವೆಗೆ ಬೇಕಾದಷ್ಟು ಸಮಯ ಇದೆ.

ಅಂದದ ಮಾತಿಗೆ ಈಗ ಬರೋಣ. ಬಾಗಿಲು, ಕಿಟಕಿಯ ಹಳೇ ಪೇಂಟ್ ಕೆರೆಸಿ. ಕೆಳಗೆ ತೇಗವೋ ಹಲಸೋ ಇರುತ್ತದೆ, ಅಗಸೆ ಎಣ್ಣೆ ಎರಡು ಮೂರು ಸಲ ಹಚ್ಚಿದರೆ ಸಾಕು. ಹಳೇ ಪೇಂಟಿನಲ್ಲಿ ಸೀಸ ಇರಬಹುದು, ಕೆರೆಯುವಾಗ ಮಾಸ್ಕ್ ಹಾಕಿ, ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಜಗಲಿಯ ರೆಡ್ ಆಕ್ಸೈಡ್ ನೆಲ ಒಡೆಸಿ ಟೈಲ್ಸ್ ಹಾಕಿಸಬೇಡಿ. ಹಂಚಿನ ಪಾಚಿಯನ್ನು ಒರಟು ಬ್ರಷ್‌ನಲ್ಲಿ ಉಜ್ಜಿಸಿ. ತೆಗೆದಾಗ ಹಂಚಿನ ಮೇಲೆ ಯಾವ ಕಾರ್ಖಾನೆಯ ಮುದ್ರೆ ಇದೆ ನೋಡಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಘಟ್ಟದ ಮನೆಗಳಿಗೆಲ್ಲ ಈ ಕೆಂಪು ಬಂದದ್ದು. ಡೇಲಿಯಾ ಕುಂಡಗಳನ್ನು ಜಗಲಿಯ ಮೆಟ್ಟಿಲಿನ ಮೇಲಿಡಿ, ಗೋಡೆಗೆ ಒರಗಿಸಿ ಇಡಬೇಡಿ.

ಪ್ರಶ್ನೆ: ಹಾಸನದಲ್ಲಿ ನಮ್ಮ ಮನೆ. ಮಳೆಗಾಲ ಮುಗಿದ ಮೇಲೆ ಮುಂದಿನ ಇಟ್ಟಿಗೆ ಗೋಡೆಯಲ್ಲಿ ಬಿಳಿ ಪುಡಿ ಏಳುತ್ತದೆ. ಇದು ಬೂಷ್ಟಾ? ಹೊಳಪಿನ ಕೋಟಿಂಗ್ ಹೊಡೆದರೆ ನಿಲ್ಲುತ್ತಾ?

ಉತ್ತರ: ಬೂಷ್ಟು ಅಲ್ಲ, ಉಪ್ಪು. ಒಣಗಿದ ದಿನ ಒಣ ಬ್ರಷ್‌ನಲ್ಲಿ ಉಜ್ಜಿ, ಉದುರಿದ್ದನ್ನು ಗುಡಿಸಿ ಹೊರಗೆ ಹಾಕಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಕೋಟಿಂಗ್ ಬೇಡ. ಹೊರಗೆ ಬರುತ್ತಿರುವ ಉಪ್ಪನ್ನು ಒಳಗೇ ಕೂಡಿಹಾಕಿದ ಹಾಗಾಗುತ್ತದೆ. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ಬಚ್ಚಲಿನ ಪೈಪು, ಸೋರುವ ನಲ್ಲಿ, ಗೋಡೆಗೆ ತಾಗಿದ ಹೂವಿನ ಮಡಿ, ಇವನ್ನು ಮೊದಲು ನೋಡಿ.

ಪ್ರಶ್ನೆ: ಸಕಲೇಶಪುರದ ನಮ್ಮ ಹಂಚಿನ ಮನೆ ಮುಂದೆ ಕಾರಿಗೆ ಆರ್‌ಸಿಸಿ ಪೋರ್ಟಿಕೋ ಮಾಡಬೇಕು. ಹಳೇ ಗೋಡೆ ಮೇಲೇ ಒಂದು ಕಡೆ ಕೂರಿಸಬಹುದಾ?

ಉತ್ತರ: ಕೂರಿಸಬೇಡಿ. ಸುಣ್ಣದ ಗೋಡೆಗೆ ಆ ಭಾರ ಹೊಸದು, ಪಾಯವೂ ಅದಕ್ಕೆ ಮಾಡಿದ್ದಲ್ಲ. ಹೊಸ ಪಾಯ ಹೊಸದಾಗಿ ಇಳಿಯುವಾಗ ಎರಡರ ನಡುವೆ ಬಿರುಕು ಖಂಡಿತ. ನಾಲ್ಕು ಕಂಬದ ಮೇಲೆ ಬೇರೆಯಾಗಿ ನಿಲ್ಲಿಸಿ, ಮನೆಗೂ ಅದಕ್ಕೂ ನಡುವೆ ಎರಡು ಇಂಚು ಜಾಗ ಬಿಡಿ. ಆ ಸಂದಿಗೆ ಮೇಲಿಂದ ತಗಡಿನ ಹೊದಿಕೆ ಇರಲಿ, ಅದನ್ನು ಹಂಚಿನ ಕೆಳಗೆ ಸಿಕ್ಕಿಸಿ. ಸಾಧ್ಯವಾದರೆ ಆರ್‌ಸಿಸಿ ಬಿಟ್ಟು ಕಬ್ಬಿಣದ ಕಂಬದ ಮೇಲೆ ಅದೇ ಮಂಗಳೂರು ಹಂಚು ಹೊದಿಸಿ. ಇಳಿಜಾರು ಹಳೇ ಮಾಡಿನದ್ದೇ ಇರಲಿ, ನೀರು ರಸ್ತೆಯ ಕಡೆಗೆ ಬೀಳುವ ಹಾಗೆ.